ಮಂದ್ರದ ತಂತಿಗೆ ಮನೆಯ ದುಡ್ಡು

ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಖಡ್ಗಕ್ಕಿಂತ ಲೇಖನಿಯಿಂದ ಹೆಚ್ಚು ಹೆಸರಾದವನು. 1126ರಲ್ಲಿ ಪಟ್ಟವೇರಿದ ಈ ಅರಸನು ಕೆಲವೇ ವರ್ಷಗಳೊಳಗೆ ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜ್ಯಭಾರದಿಂದ ಹಿಡಿದು ಅಡಿಗೆಯವರೆಗೆ ಅವನು ಮುಟ್ಟದ ವಿಷಯವೇ ವಿರಳ; ಗೀತ ವಾದ್ಯ ನೃತ್ಯಗಳಿಗೂ ಅದರಲ್ಲಿ ಬೇರೆ ಬೇರೆ ಪ್ರಕರಣಗಳುಂಟು. ಅವನ ಮಗ ಜಗದೇಕಮಲ್ಲನೂ ತಂದೆಯ ಜಾಡು ಹಿಡಿದು ‘ಸಂಗೀತ ಚೂಡಾಮಣಿ’ಯನ್ನು ಬರೆದನು. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅರಸನಿಗೆ ವಾದ್ಯದ ಲಕ್ಷಣವನ್ನು ಬಲ್ಲೆನೆಂಬ ಹೆಮ್ಮೆಯಿದ್ದಿರಬೇಕು. ಅದನ್ನು ಕೊಳ್ಳುವ ಚಿಂತೆ ಮಾತ್ರ ಇದ್ದಿರಲಾರದು. ಬೆಲೆ ತೆರಲು ಭಂಡಾರವಿತ್ತು, ಹೊರಲು ಆಳುಗಳಿದ್ದರು. ಅದೇ ಊರಿನಲ್ಲಿ ಇಂದು ವಾದ್ಯ ಕೊಳ್ಳಹೊರಟ ತರುಣನಿಗೆ ಈ ಎರಡೂ ಇಲ್ಲ.

ಆ ತರುಣನು ಯಾವ ಮನೆಯವನಾದರೂ ಆಗಿರಬಹುದು. ತಂದೆ ಹುಮನಾಬಾದಿನ ಶಾಲೆಯಲ್ಲಿ ಉಪಾಧ್ಯಾಯ ಅಥವಾ ಬಸವಕಲ್ಯಾಣದ ಕಚೇರಿಯಲ್ಲಿ ಗುಮಾಸ್ತ. ಮಗನು ಪದವಿಯ ಓದಿನ ನಡುವೆ ಮದುವೆ, ಜಾತ್ರೆ, ಗಣೇಶೋತ್ಸವಗಳಲ್ಲಿ ಆರ್ಕೆಸ್ಟ್ರಾ ಮೇಳದೊಡನೆ ಗಿಟಾರು ನುಡಿಸಿ ನಾಲ್ಕು ಕಾಸು ಸಂಪಾದಿಸುವವನು. ಒಂದು ದಿನ ಅವನು ಊಟದ ಹೊತ್ತಿಗೆ ಮೆಲ್ಲನೆ ಮಾತು ತೆಗೆಯುತ್ತಾನೆ. ಬೇಸ್ ಗಿಟಾರು ಬೇಕಂತೆ, ಅದರ ಜೊತೆಗೆ ಒಂದು ಆಂಪ್ಲಿಫಯರೂ ಬೇಕಂತೆ. “ಒಂದು ಅದ ಅಲ್ಲೋ, ಮತ್ತೊಂದು ಯಾಕ ಬೇಕು?” ಎಂದು ತಂದೆಯ ಪ್ರಶ್ನೆ. “ಅದು ಬ್ಯಾರೆ ಅಪ್ಪಾ, ಇದು ಬ್ಯಾರೆ” ಎಂದು ಮಗನ ಉತ್ತರ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ಎರಡು ವಸ್ತುಗಳ ಬೆಲೆಯನ್ನು ಕೂಡಿಸಿ ನೋಡಿದಾಗ ಅದು ತಂಗಿಯ ಕಾಲೇಜಿನ ಶುಲ್ಕಕ್ಕೆ ಸಮೀಪ ಬರುವುದುಂಟು. ತಪ್ಪು ವಸ್ತುವನ್ನು ತಂದರೆ ವರ್ಷ ಕಳೆಯುವ ಮುನ್ನ ಅರ್ಧ ಬೆಲೆಗೆ ಮಾರಬೇಕಾಗುತ್ತದೆ. ಆದುದರಿಂದ ಮನೆಯ ಹಿರಿಯರು ಈ ಸಂಗತಿಯನ್ನು ‘ಹುಡುಗರ ಹುಚ್ಚು’ ಎಂದು ತಳ್ಳಿಹಾಕದೆ ತುಸು ತಿಳಿದುಕೊಳ್ಳುವುದು ಲೇಸು.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿಗಳು. ಅವು ದಪ್ಪ, ಸಾಧಾರಣ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಅತ್ಯಂತ ಮಂದ್ರದ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ; ಉಳಿದವು ಕ್ರಮವಾಗಿ 55, 73 ಮತ್ತು 98ರ ಸುಮಾರಿಗೆ ನಿಲ್ಲುತ್ತವೆ. ಗಂಡುಕಂಠಕ್ಕೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿಗಿಂತಲೂ ಮೊದಲನೆಯದು ಕೆಳಗಿನದು. ಹಾಡಿನಲ್ಲಿ ಇದರ ಕೆಲಸ ಮೆರೆಯುವುದಲ್ಲ, ಹೊರುವುದು. ತಬಲಾ ಜೋಡಿಯಲ್ಲಿ ಬಲಗೈಯ ಚಮತ್ಕಾರಕ್ಕೆ ಸಭೆಯು ತಲೆದೂಗುತ್ತದೆ. ಎಡಗೈಯ ಡಗ್ಗಾ ನಿಂತರೆ ಮಾತ್ರ ಏನೋ ಕುಸಿಯಿತೆಂದು ಎಲ್ಲರಿಗೂ ತಿಳಿಯುತ್ತದೆ. ಬೇಸ್ ಗಿಟಾರಿನವನ ಪಾಡೂ ಹಾಗೆಯೇ. ಅವನು ನುಡಿಸುತ್ತಿರುವಾಗ ಯಾರೂ ಅವನನ್ನು ನೋಡುವುದಿಲ್ಲ.

ಈ ಸೀಮೆಯ ಕಿವಿಗೆ ಮಂದ್ರವು ಹೊಸದಲ್ಲ. ಹುಮನಾಬಾದಿಗೆ ಹೊಂದಿಕೊಂಡಿರುವ ಮಾಣಿಕನಗರವು ಸಂಗೀತಗಾರರಿಗೆ ಪರಿಚಿತವಾದ ಸ್ಥಳ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ತಾವೇ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ಮಾರ್ಗಶಿರದ ದತ್ತ ಜಯಂತಿಯ ಉತ್ಸವದಲ್ಲಿ ಅಲ್ಲಿ ಗಾಯಕ ವಾದಕರು ಸೇವೆ ಸಲ್ಲಿಸುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ತಂಬೂರಿಯ ಖರ್ಜವೂ ಡಗ್ಗಾದ ಗುಮ್ಮನೆಯ ಮೀಂಡೂ ಕೇಳಿ ಬೆಳೆದ ಹುಡುಗನಿಗೆ ಬೇಸ್ ಗಿಟಾರಿನ ಮೋಹ ಹತ್ತಿದರೆ ಅದರಲ್ಲಿ ವಿದೇಶೀ ವ್ಯಾಮೋಹವನ್ನೇ ಕಾಣಬೇಕಾದುದಿಲ್ಲ. ಬೀದರ್ ಜಿಲ್ಲೆಯಲ್ಲಿ ಬಹುಕಾಲದಿಂದ ಬೇರೂರಿರುವ ಮೆಥೋಡಿಸ್ಟ್ ಚರ್ಚುಗಳ ಕನ್ನಡ ಕೀರ್ತನೆಗಳೂ, ಉರುಸಿನ ಕವ್ವಾಲಿಯೂ, ಶರಣರ ವಚನಗಾಯನವೂ ಒಂದೇ ಪೇಟೆಯ ಗಾಳಿಯಲ್ಲಿ ತೇಲಿಬರುವ ನಾಡಿದು.

ಆದರೆ ಕಿವಿಗೆ ಇಷ್ಟವಾದುದು ಕೈಗೆ ಕೂಳು ಕೊಡಬೇಕಲ್ಲ! ಇಲ್ಲಿಯೇ ನಿಜವಾದ ತೊಡಕು. ಮೇಳದ ಯಜಮಾನನು ಸಂಭಾವನೆಯನ್ನು ಹಂಚುವಾಗ ಮೊದಲು ಕೈಬಿಡುವ ವಾದಕನು ಬೇಸಿನವನೇ. ಕೀಬೋರ್ಡಿನವನ ಎಡಗೈ ಆ ಕೆಲಸವನ್ನು ಹೇಗೋ ತೂಗಿಸುತ್ತದೆ, ಇಲ್ಲವೆ ಯಂತ್ರದೊಳಗೆ ಮೊದಲೇ ತುಂಬಿಟ್ಟ ತಾಳವು ತಾನೇ ನುಡಿಯುತ್ತದೆ. ಹೀಗಿರುವಾಗ ಬೇಸಿನವನು ತನ್ನ ಜಾಗವನ್ನು ಉಳಿಸಿಕೊಳ್ಳಬೇಕಾದರೆ ಅವನ ನಾದವು ಕೊನೆಯ ಸಾಲಿನವರೆಗೆ ಸ್ಪಷ್ಟವಾಗಿ ಮುಟ್ಟಬೇಕು. ಕೆಟ್ಟ ಪೆಟ್ಟಿಗೆಯಲ್ಲಿ ಗೊರಗೊರನೆ ಗೊಣಗುವ ಬೇಸಿಗಿಂತ ಕೀಬೋರ್ಡಿನ ಎಡಗೈಯೇ ಮೇಲೆಂದು ಯಜಮಾನನು ತೀರ್ಮಾನಿಸಿದರೆ ಅವನನ್ನು ದೂರುವಂತಿಲ್ಲ. ಸಲಕರಣೆಯ ಆಯ್ಕೆಯೆಂಬುದು ಇಲ್ಲಿ ಶೋಕಿಯ ಮಾತಲ್ಲ. ಬರುವ ಜನವರಿಯ ವೀರಭದ್ರೇಶ್ವರ ಜಾತ್ರೆಗೆ ಹುಡುಗನಿಗೆ ಕರೆ ಬಂದೀತೆ, ಬಾರದೆ ಎಂಬ ಮಾತು.

ಈ ವಾದ್ಯದ ವಯಸ್ಸು ಹೆಚ್ಚಿನದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿಯಿಂದ ಬದುಕು ತೆರೆದ ಲಿಯೋ ಫೆಂಡರ್ ಎಂಬಾತನು 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬುದನ್ನು ಮಾರುಕಟ್ಟೆಗೆ ತಂದನು. ಅದಕ್ಕೆ ಮುಂಚೆ ಮೇಳಗಳಲ್ಲಿ ಆಳೆತ್ತರದ ಡಬಲ್ ಬೇಸ್ ಇರುತ್ತಿತ್ತು. ಅದನ್ನು ಹೊತ್ತು ಊರೂರು ತಿರುಗುವುದೇ ಒಂದು ಶಿಕ್ಷೆ. ಜೊತೆಗೆ ವೀಣೆಯ ಮೆಟ್ಟಿಲುಗಳಂಥ ಫ್ರೆಟ್ಟುಗಳಿಲ್ಲದುದರಿಂದ ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ಫ್ರೆಟ್ಟು ಹಾಕಿದ ಹೊಸ ವಾದ್ಯದಲ್ಲಿ ಸ್ವರವು ನಿಖರವಾಗಿ ನಿಲ್ಲುತ್ತದೆಂಬುದನ್ನು ಆ ಹೆಸರೇ ಸಾರುತ್ತದೆ. ಮರುವರ್ಷವೇ ಅದಕ್ಕೆಂದು ‘ಬೇಸ್‌ಮನ್’ ಎಂಬ ಆಂಪ್ಲಿಫಯರೂ ಬಂದಿತು. ಕನ್ನಡದ ಕೇಳುಗರಿಗೆ ಈ ನಾದವನ್ನು ಹತ್ತಿರದಿಂದ ತೋರಿಸಿಕೊಟ್ಟವರಲ್ಲಿ ಇಳಯರಾಜಾ ಮುಖ್ಯರು. ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಕಿವಿಗೊಟ್ಟು ಆಲಿಸಿದರೆ, ಕಂಠದ ಕೆಳಗೆ ಇನ್ನೊಂದು ರಾಗವು ತನ್ನ ಪಾಡಿಗೆ ತಾನು ನಡೆದುಹೋಗುತ್ತಿರುವುದು ತಿಳಿಯುತ್ತದೆ. ಆರ್ಕೆಸ್ಟ್ರಾ ಮೇಳಗಳು ಆ ಕಾಲದ ಗೀತೆಗಳನ್ನು ಇಂದಿಗೂ ಬಿಟ್ಟಿಲ್ಲ, ಬೇಸಿನವನ ಭಾಗ್ಯ!

ಇನ್ನು ಕೊಳ್ಳುವ ಮಾತು. ಇಲ್ಲಿ ಒಂದು ಮೂಲ ಸಂಗತಿಯನ್ನು ಮರೆಯಬಾರದು. ಮಿರಜಿನ ತಂಬೂರಿಗೆ ಸೋರೆಯ ಬುರುಡೆಯುಂಟು. ತಂತಿಯ ಸಣ್ಣ ದನಿಯನ್ನು ದೊಡ್ಡದಾಗಿಸುವುದು ಆ ಬುರುಡೆಯೂ ಅದರ ಮೇಲಿನ ತಬಲಿಯೂ. ಬೇಸ್ ಗಿಟಾರಿನ ಒಡಲು ಗಟ್ಟಿ ಹಲಗೆ. ತಂತಿಯ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯಿರುತ್ತದೆ, ಅದಕ್ಕೆ ಪಿಕಪ್ಪು ಎನ್ನುತ್ತಾರೆ. ಉಕ್ಕಿನ ತಂತಿ ಕಂಪಿಸಿದಂತೆ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟಿ ತಂತಿಯ ಮೂಲಕ ಹೊರಗೆ ಹೋಗುತ್ತದೆ. ಅಂದರೆ ಹಲಗೆಯ ಕಡೆ ಇರುವುದು ಅರ್ಧ ವಾದ್ಯ, ಬುರುಡೆಯು ಆಂಪ್ಲಿಫಯರಿನಲ್ಲಿದೆ. ದುಡ್ಡನ್ನೆಲ್ಲ ಹೊಳೆಯುವ ಗಿಟಾರಿಗೆ ಸುರಿದು, ಉಳಿದ ಚಿಲ್ಲರೆಗೆ ಸಿಕ್ಕಿದ ಪೆಟ್ಟಿಗೆಯನ್ನು ಕೊಳ್ಳುವವನು ಒಡೆದ ಬುರುಡೆಗೆ ದಂತದ ಕುದುರೆ ಹೂಡಿದಂತೆ.

ಗಿಟಾರನ್ನು ನೋಡುವಾಗ ಬಣ್ಣವನ್ನು ಕಡೆಗೆ ನೋಡತಕ್ಕದ್ದು. ಮೊದಲು ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಬೇಕು. ಸೊಟ್ಟ ತಿರುಚಿದ್ದರೆ ಅಲ್ಲಿಗೇ ವ್ಯಾಪಾರ ಮುಗಿಯಿತು. ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲಿಯೂ ಒಡಲಿಗೆ ಕತ್ತು ಸೇರುವಲ್ಲಿಯೂ ಒಟ್ಟಿಗೆ ಒತ್ತಿ, ನಡುವೆ ಏಳೆಂಟನೆಯ ಫ್ರೆಟ್ಟಿನ ಮೇಲೆ ಎಷ್ಟು ಸಂದಿ ಉಳಿಯುತ್ತದೆಂದು ನೋಡಬೇಕು. ಒಂದು ದಪ್ಪ ಕಾಗದದಷ್ಟು ಸಂದಿಯಿದ್ದರೆ ಸರಿ. ಹೆಚ್ಚಿದ್ದರೆ ಕತ್ತಿನೊಳಗಿನ ಉಕ್ಕಿನ ಸಲಾಕೆಯನ್ನು ತಿರುಗಿಸಿ ಸರಿಪಡಿಸಿ ತೋರಿಸೆಂದು ಅಂಗಡಿಯವನಿಗೆ ಹೇಳಬೇಕು. ಆ ಸಲಾಕೆ ತಿರುಗದಿದ್ದರೆ ಬೇಡ. ಬೇಸಗೆಯಲ್ಲಿ ಒಣ ಬಿಸಿಲು 40 ಡಿಗ್ರಿಯನ್ನು ದಾಟುವ, ಮಾರ್ಗಶಿರದ ರಾತ್ರಿಗಳಲ್ಲಿ ಹಲ್ಲು ಕಡಿಸುವ ಈ ಸೀಮೆಯಲ್ಲಿ ಮರವು ಸುಮ್ಮನಿರುವುದಿಲ್ಲ. ವರ್ಷಕ್ಕೆ ಎರಡು ಬಾರಿಯಾದರೂ ಆ ಸಲಾಕೆಯ ಸೇವೆ ಬೇಕಾಗುತ್ತದೆ.

ಆಮೇಲೆ ಪಟ್ಟಿಯನ್ನು ಹೆಗಲಿಗೆ ಹಾಕಿ, ಕೈಬಿಟ್ಟು ನಿಲ್ಲಬೇಕು. ಕತ್ತು ತಾನಾಗಿ ಕೆಳಕ್ಕೆ ವಾಲಿದರೆ ಎಡಗೈ ಇಡೀ ರಾತ್ರಿ ಅದನ್ನು ಎತ್ತಿಹಿಡಿಯಬೇಕಾಗುತ್ತದೆ. ವಾದ್ಯದ ತೂಕ 4 ಕಿಲೋದ ಆಸುಪಾಸಿನಲ್ಲಿರಲಿ. ಅಂಗಡಿಯಲ್ಲಿ ಐದು ನಿಮಿಷ ಹಿಡಿದವನಿಗೆ 5 ಕಿಲೋ ಹಗುರವಾಗಿಯೇ ತೋರುತ್ತದೆ. ಮದುವೆಯ ಆರತಕ್ಷತೆ ನಾಲ್ಕು ತಾಸು ನಡೆಯುತ್ತದೆ. ತಂತಿಯ ನುಡಿಯುವ ಉದ್ದ ಸಾಮಾನ್ಯವಾಗಿ 34 ಅಂಗುಲ. ಕೈ ಚಿಕ್ಕದಾಗಿದ್ದವರಿಗೆ 30 ಅಂಗುಲದವೂ ಉಂಟು. ಹುಡುಗಿಯರೂ ಈಗ ಮೇಳಗಳಲ್ಲಿ ನುಡಿಸುತ್ತಿರುವುದರಿಂದ ಇದನ್ನು ಹೇಳಬೇಕಾಯಿತು. ಐದು ತಂತಿಗಳ ಬೇಸಿನ ಆಸೆ ಹಲವರಿಗೆ. ಅದರ ಐದನೆಯ ತಂತಿ ಸೆಕೆಂಡಿಗೆ 31 ಕಂಪನಗಳಷ್ಟು ಕೆಳಗಿನದು. ಅದನ್ನು ನಿಜವಾಗಿ ಕೇಳಿಸಬಲ್ಲ ಪೆಟ್ಟಿಗೆಯ ಬೆಲೆಯನ್ನು ವಿಚಾರಿಸಿದ ಮೇಲೆ ಆಸೆ ತಾನಾಗಿ ಇಳಿಯುತ್ತದೆ.

ಪಿಕಪ್ಪಿನ ವಿಷಯದಲ್ಲಿ ಮಾತ್ರ ತುಸು ನಿಲ್ಲಬೇಕು. ನಮ್ಮ ದೇಶದ ಮನೆಬಳಕೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಮದುವೆಯ ಮಂಟಪದಲ್ಲಿ ಸೀರಿಯಲ್ ದೀಪಗಳು, ಡಿಮ್ಮರುಗಳು, ಹೊರಗೆ ಜನರೇಟರು, ವೇದಿಕೆಯ ಕೆಳಗೆ ಹಾವಿನಂತೆ ಸುತ್ತಿಕೊಂಡ ತಂತಿಗಳು. ಇವೆಲ್ಲದರ ಗುಂಯ್‌ಗುಟ್ಟುವಿಕೆಯನ್ನು ಒಂಟಿ ಸುರುಳಿಯ ಪಿಕಪ್ಪು ತಪ್ಪದೆ ಹೀರಿಕೊಳ್ಳುತ್ತದೆ. ಬೇರೆ ವಾದ್ಯಗಳಿಗೆ ಈ ಗುಂಯ್ಯೆಂಬ ಸದ್ದು ಹೊರಗಿನದು, ಗುಂಡಿ ತಿರುಗಿಸಿ ತೆಗೆಯಬಹುದು. ಬೇಸಿಗೆ ಅದು ಮನೆಯೊಳಗಿನ ಕಳ್ಳ. ಮಂದ್ರದ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಬರುವ ಸ್ವರವು 49 ಕಂಪನಗಳದು; 50ರ ಸದ್ದನ್ನು ಕತ್ತರಿಸಹೊರಟರೆ ಸ್ವರದ ಕೊರಳೂ ಕತ್ತರಿಸಿಹೋಗುತ್ತದೆ.

ಇದಕ್ಕೆ ಪರಿಹಾರವನ್ನು 1957ರಲ್ಲಿಯೇ ಕಂಡುಕೊಂಡಿದ್ದರು. ಪ್ರಿಸಿಷನ್ ಬೇಸಿನ ಪಿಕಪ್ಪನ್ನು ಆಗ ಎರಡು ತುಂಡು ಮಾಡಿ, ಒಂದಕ್ಕೊಂದು ವಿರುದ್ಧವಾಗುವಂತೆ ಜೋಡಿಸಿದರು. ಹೊರಗಿನ ಸದ್ದು ಎರಡರಲ್ಲಿಯೂ ಎದುರುಬದುರಾಗಿ ಬಂದು ಅಳಿದುಹೋಗುತ್ತದೆ, ತಂತಿಯ ನಾದ ಉಳಿಯುತ್ತದೆ. 1960ರಲ್ಲಿ ಬಂದ ಜಾಝ್ ಬೇಸಿನಲ್ಲಿ ಎರಡು ಪಿಕಪ್ಪುಗಳಿದ್ದು, ಎರಡನ್ನೂ ಪೂರ್ತಿ ತೆರೆದಾಗ ಮಾತ್ರ ಇದೇ ಉಪಕಾರವಾಗುತ್ತದೆ. ಒಂದನ್ನು ತಗ್ಗಿಸಿದರೆ ಸದ್ದು ಮರಳಿ ಬರುತ್ತದೆ. ಈಗ ಯಾವ ಕಂಪನಿಯ ವಾದ್ಯವನ್ನು ನೋಡಿದರೂ ಈ ಎರಡು ಮಾದರಿಗಳ ನೆರಳು ಕಾಣುತ್ತದೆ. ಜನರೇಟರಿನ ಮೇಲೆ ಬದುಕುವ ವಾದಕನಿಗೆ ಮೊದಲನೆಯ ಮಾದರಿಯೇ ಹಿತ. ಜಾಝ್ ಬೇಸಿನ ನಾದವು ಇನ್ನಷ್ಟು ನಯವೆಂದು ವಾದಿಸುವವರಿದ್ದಾರೆ. ಧ್ವನಿಮುದ್ರಣದ ಕೋಣೆಯಲ್ಲಿ ಅವರ ಮಾತು ನಿಜವಿರಬಹುದು, ಚಿಟಗುಪ್ಪಾ ರಸ್ತೆಯ ಶಾಮಿಯಾನದಡಿಯಲ್ಲಿ ಅಲ್ಲ. 9 ವೋಲ್ಟಿನ ಬ್ಯಾಟರಿ ಬೇಡುವ ಪಿಕಪ್ಪುಗಳೂ ಇವೆ. ನುಡಿಸಿ ಮುಗಿದ ಮೇಲೆ ಜ್ಯಾಕನ್ನು ಎಳೆದಿಡಲು ಮರೆತರೆ ಬ್ಯಾಟರಿಯು ಮರುದಿನದ ಕಾರ್ಯಕ್ರಮದ ನಡುವೆ ಪ್ರಾಣ ಬಿಡುತ್ತದೆ.

ತಂತಿಗಳು ಎರಡು ಬಗೆ, ಉರುಟು ಸುತ್ತಿನವು ಮತ್ತು ಚಪ್ಪಟೆ ಸುತ್ತಿನವು. ಹಳೆಯ ಚಿತ್ರಗೀತೆ ನುಡಿಸುವವರಿಗೆ ಚಪ್ಪಟೆಯವು ಒಪ್ಪುತ್ತವೆ, ಬಹುಕಾಲ ಬಾಳುತ್ತವೆ. ಅಷ್ಟು ಸಾಕು.

ಆಂಪ್ಲಿಫಯರಿನ ಅಂಗಡಿಯಲ್ಲಿ ಮೊದಲು ಕಣ್ಣು ಕೋರೈಸುವುದು ವಾಟಿನ ಅಂಕಿ. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಒ. ಎಂದು ಬರೆದು ಸಾವಿರ, ಐದು ಸಾವಿರ ವಾಟುಗಳನ್ನು ಹೇಳಿದ್ದರೆ ಅದು ಸಂತೆಯ ಕೂಗು, ಕೇಳಬೇಕಾದುದು ಆರ್.ಎಂ.ಎಸ್. ಅಂಕಿ. ಮತ್ತೊಂದು ಮಾತು. ವಾಟನ್ನು ಎರಡು ಪಟ್ಟು ಮಾಡಿದರೆ ಸದ್ದು ಎರಡು ಪಟ್ಟಾಗುವುದಿಲ್ಲ, 3 ಡೆಸಿಬಲ್ಲಿನಷ್ಟು ಮಾತ್ರ ಏರುತ್ತದೆ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟು ಬೇಕು. ಆದುದರಿಂದ 200 ವಾಟಿನದಕ್ಕಿಂತ 250 ವಾಟಿನದು ಬಲವೆಂದು ಹೆಚ್ಚಿನ ಹಣ ತೆರುವುದು ವ್ಯರ್ಥ. ಅದಕ್ಕಿಂತ ಸ್ಪೀಕರಿನ ಸಂವೇದನೆಯ ಅಂಕಿಯನ್ನು ನೋಡಬೇಕು. ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ 97 ಡೆಸಿಬಲ್ ಕೊಡುವ ಸ್ಪೀಕರಿನ ಬದಲು 100 ಡೆಸಿಬಲ್ ಕೊಡುವುದನ್ನು ಆರಿಸಿದರೆ ಆಂಪ್ಲಿಫಯರನ್ನು ಇಮ್ಮಡಿಗೊಳಿಸಿದ ಫಲವು ಪುಕ್ಕಟೆಯಾಗಿ ದೊರೆಯುತ್ತದೆ. ಈ ಅಂಕಿಯನ್ನು ವಿಚಾರಿಸುವ ಗಿರಾಕಿಯನ್ನು ಅಂಗಡಿಯವನೂ ಬೇರೆ ಕಣ್ಣಿನಿಂದ ನೋಡುತ್ತಾನೆ.

ಗಿಟಾರಿನವನಿಗೆ 50 ವಾಟು ಸಾಕಾದೆಡೆಯಲ್ಲಿ ಬೇಸಿನವನಿಗೆ 200, 300 ಏಕೆ ಬೇಕೆಂದು ತಂದೆ ಕೇಳಬಹುದು. ಮನುಷ್ಯನ ಕಿವಿಯು ಮಂದ್ರಕ್ಕೆ ಮಂದ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್, ಮನ್ಸನ್ ಎಂಬಿಬ್ಬರು ಇದನ್ನು ಅಳೆದು ತೋರಿಸಿದರು. ಕಿವಿಯ ಮಟ್ಟಿಗೆ ಸಮನಾಗಿ ಕೇಳಬೇಕಾದರೆ ಮಂದ್ರಸ್ವರಕ್ಕೆ ಬಹಳ ಹೆಚ್ಚು ಶಕ್ತಿಯನ್ನು ಹಾಕಬೇಕು. ಹಾಗೆಂದು ಮನೆಯಲ್ಲಿರುವ ಗಿಟಾರಿನ ಆಂಪ್ಲಿಫಯರಿಗೇ ಬೇಸನ್ನು ಚುಚ್ಚಿ ಜೋರಾಗಿ ತಿರುಗಿಸಿದರೆ ಅದರ ಹಗುರವಾದ ಸ್ಪೀಕರು ಹರಿಯುವುದೇ ಸರಿ.

ಹಾಗಾದರೆ 300 ವಾಟಿನದನ್ನೇ ತರೋಣವೆ? ಇಲ್ಲಿ ಮನೆಮಂದಿಯೆಲ್ಲ ಕೂತು ಮಾಡಬೇಕಾದ ಒಂದು ಲೆಕ್ಕವಿದೆ. ಹುಡುಗನ ಕಳೆದ ವರ್ಷದ ಡೈರಿಯನ್ನು ತೆಗೆಸಬೇಕು. ಎಷ್ಟು ಕಾರ್ಯಕ್ರಮಗಳು ಪೇಟೆಯ ಕಲ್ಯಾಣಮಂಟಪಗಳಲ್ಲಿ ನಡೆದವು, ಎಷ್ಟು ಹಳ್ಳಿಯ ಬಯಲಿನಲ್ಲಿ? ಪೇಟೆಯ ಮೈಕ್‌ಸೆಟ್ಟಿನವರ ಬಳಿ ಈಗ ಮಂದ್ರಕ್ಕೆಂದೇ ಹದಿನೆಂಟು ಅಂಗುಲದ ಸ್ಪೀಕರಿನ ದೊಡ್ಡ ಪೆಟ್ಟಿಗೆಗಳಿರುತ್ತವೆ. ಅಂಥಲ್ಲಿ ಬೇಸಿನವನು ಒಂದು ಅಂಗೈಯಗಲದ ಡಿ.ಐ. ಪೆಟ್ಟಿಗೆಯನ್ನು ಒಯ್ದು, ಅದರ ಮೂಲಕ ನೇರವಾಗಿ ಮಿಕ್ಸರಿಗೆ ನಾದವನ್ನು ಒಪ್ಪಿಸಿದರೆ ತೀರಿತು. ಅವನ ಸ್ವಂತ ಪೆಟ್ಟಿಗೆಯು ಅವನಿಗೆ ಕೇಳಿಸಿದರೆ ಸಾಕು, 50 ವಾಟಿನದಾದರೂ ನಡೆಯುತ್ತದೆ. ಹಳ್ಳಿಯ ಭಜನೆ, ತತ್ವಪದ, ಜಾತ್ರೆಯ ನಾಟಕಗಳಲ್ಲಿ ಕಂಬಕ್ಕೆ ಕಟ್ಟಿದ ಅಲ್ಯುಮಿನಿಯಂ ಹಾರನ್ನುಗಳೇ ಇನ್ನೂ ಇರುವುದುಂಟು. ಆ ಹಾರನ್ನು ಮಾತಿಗೆ ಹುಟ್ಟಿದ್ದು. ಬೇಸಿನ ಮೂಲಸ್ವರವನ್ನು ಅದು ನುಡಿಯಲಾರದು, ಬೆರಳಿನ ಟಕಟಕ ಮಾತ್ರ ಊರಿಗೆಲ್ಲ ಕೇಳುತ್ತದೆ. ಅಲ್ಲಿ ಸ್ವಂತ ಪೆಟ್ಟಿಗೆ ಬೇಕೇ ಬೇಕು. ಡೈರಿಯಲ್ಲಿ ಯಾವುದರ ಪಾಲು ಹೆಚ್ಚೋ ಅದರಂತೆ ದುಡ್ಡು ಹೋಗತಕ್ಕದ್ದು. ಹೆಚ್ಚಿನ ಹುಡುಗರ ಡೈರಿಯು ಪೇಟೆಯ ಕಡೆಗೇ ವಾಲುತ್ತದೆ. ಆದರೆ ಅವರು ಕನಸು ಕಾಣುವುದು ಆಳೆತ್ತರದ ಪೆಟ್ಟಿಗೆಯನ್ನು.

ಆಳೆತ್ತರದ ಪೆಟ್ಟಿಗೆಯ ಕಥೆಯೂ ಸ್ವಾರಸ್ಯವಾಗಿದೆ. 1969ರಲ್ಲಿ ಆಂಪೆಗ್ ಎಂಬ ಅಮೆರಿಕದ ಕಂಪನಿಯು ನಿರ್ವಾತ ಕೊಳವೆಗಳಿಂದ ನಡೆಯುವ 300 ವಾಟಿನ ಆಂಪ್ಲಿಫಯರನ್ನು ತಂದಿತು. ಮಹಾ ಬಯಲುಗಳಲ್ಲಿ ನುಡಿಸುವ ರಾಕ್ ಮೇಳಗಳಿಗೆ ಅದು ಕಾಮಧೇನುವಾಯಿತು. ಅದರ ಯಂತ್ರದ ಭಾಗವೊಂದೇ 35 ಕಿಲೋಗೆ ಮೀರಿದ್ದು. ಸ್ಪೀಕರುಗಳ ಪೆಟ್ಟಿಗೆ ಬೇರೆ. ಬಸವಕಲ್ಯಾಣವೇನೋ ಲಾರಿಗಳ ಕೆಲಸಕ್ಕೆ ಹೆಸರಾದ ಊರು, ಆದರೆ ಬೇಸಿನವನಿಗಾಗಿ ಲಾರಿ ಕಟ್ಟಿಸುವವರಿಲ್ಲ. ಅವನ ವಾಹನ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು, ಇಲ್ಲವೆ ಹನ್ನೆರಡು ಜನ ತುಂಬಿದ ಜೀಪು. ಈಗ ‘ಕ್ಲಾಸ್ ಡಿ’ ಎಂಬ ಬಗೆಯ ಆಂಪ್ಲಿಫಯರುಗಳು 300, 500 ವಾಟಿನವು ಎರಡು ಮೂರು ಕಿಲೋ ತೂಕದಲ್ಲಿ ಬರುತ್ತಿವೆ, ಶಾಲೆಯ ಚೀಲದಲ್ಲಿ ಹಿಡಿಯುತ್ತವೆ. ಅದಕ್ಕೆ ಹನ್ನೆರಡು ಅಂಗುಲದ ಒಂದು ಸ್ಪೀಕರಿನ ಪೆಟ್ಟಿಗೆಯನ್ನು ಜೋಡಿಸಿ, ಮುಂದೆ ಕೈ ಕೂಡಿದಾಗ ಇನ್ನೊಂದನ್ನು ಸೇರಿಸಬಹುದು. ಸೇರಿಸುವಾಗ ಓಮಿನ ಲೆಕ್ಕ ತಪ್ಪಬಾರದು. 8 ಓಮಿನ ಎರಡು ಪೆಟ್ಟಿಗೆಗಳು ಸಾಮಾನ್ಯ ಜೋಡಣೆಯಲ್ಲಿ 4 ಓಮಾಗುತ್ತವೆ; 4 ಓಮಿನವೆರಡು 2 ಆಗುತ್ತವೆ. ಆಂಪ್ಲಿಫಯರಿನ ಬೆನ್ನಿನ ಮೇಲೆ ‘ಕನಿಷ್ಠ 4 ಓಮು’ ಎಂದು ಬರೆದಿದ್ದರೆ ಎರಡನೆಯ ಜೋಡಣೆಯು ಅದನ್ನು ಸುಟ್ಟುಹಾಕಬಹುದು. ಅದಕ್ಕೇ ಮೊದಲ ಪೆಟ್ಟಿಗೆಯನ್ನು ಕೊಳ್ಳುವಾಗಲೇ 8 ಓಮಿನದನ್ನು ಆರಿಸುವುದು ಜಾಣತನ.

ಇಷ್ಟರವರೆಗೆ ದುಡ್ಡಿನ ಮಾತಾಯಿತು. ಪ್ರಾಣದ ಮಾತೂ ಒಂದಿದೆ. ತಾಯಂದಿರು ಇದನ್ನು ಮುಖ್ಯವಾಗಿ ಓದಬೇಕು. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿ ಪಟ್ಟಣದ ವೇದಿಕೆಯ ಮೇಲೆ ಲೆಸ್ ಹಾರ್ವೆ ಎಂಬ 27 ವರ್ಷದ ಗಿಟಾರ್ ವಾದಕನು, ಗಿಟಾರು ಕೈಯಲ್ಲಿರುವಂತೆಯೇ ಮೈಕನ್ನು ಮುಟ್ಟಿ, ವಿದ್ಯುತ್ ತಗುಲಿ ಸತ್ತನು. ತಂತಿಗಳು ಆಂಪ್ಲಿಫಯರಿನ ಭೂಮಿಗೆ ಸೇರಿರುತ್ತವೆ, ಮೈಕು ಇನ್ನೊಂದು ಯಂತ್ರದ ಭೂಮಿಗೆ. ಎರಡರಲ್ಲೊಂದು ಕೆಟ್ಟಿದ್ದರೆ ನಡುವೆ ನಿಂತ ವಾದಕನ ದೇಹವೇ ದಾರಿ. ನಮ್ಮ ಶಾಮಿಯಾನಗಳಲ್ಲಿ ಪ್ಲಗ್ಗಿಲ್ಲದ ಬರಿಯ ತಂತಿಯನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸುವ ಪದ್ಧತಿಯನ್ನು ಕಾಣದವರಾರು? ಗುಂಯ್‌ಗುಡುವ ಸದ್ದು ನಿಲ್ಲಲೆಂದು ಪ್ಲಗ್ಗಿನ ಮೂರನೆಯ, ದಪ್ಪ ಪಿನ್ನನ್ನು ಮುರಿದುಹಾಕುವ ‘ತಜ್ಞ’ರೂ ಇದ್ದಾರೆ. ಆ ಪಿನ್ನೇ ಜೀವರಕ್ಷಕ. ಗುಂಯ್ಯೆಂಬುದನ್ನು ನಿಲ್ಲಿಸಲು ಡಿ.ಐ. ಪೆಟ್ಟಿಗೆಯ ಮೇಲೆ ಅದಕ್ಕೆಂದೇ ಒಂದು ಗುಂಡಿಯಿರುತ್ತದೆ, ಅದನ್ನು ಒತ್ತಬೇಕೇ ಹೊರತು ಪಿನ್ನನ್ನು ಮುಟ್ಟಕೂಡದು.

ಹುಡುಗನು ತನ್ನದೇ ಒಂದು ಎಕ್ಸ್‌ಟೆನ್ಷನ್ ಪೆಟ್ಟಿಗೆಯನ್ನು ಒಯ್ಯಲಿ. 30 ಮಿಲಿ ಆಂಪಿಯರಿನಷ್ಟು ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಊರಿನ ಎಲೆಕ್ಟ್ರಿಷಿಯನ್ನನಿಂದ ಅದರಲ್ಲಿ ಕೂರಿಸಿಸಬಹುದು. ಅದರ ಬೆಲೆಯು ಗಿಟಾರಿನ ಬೆಲೆಯ ಮುಂದೆ ಯಾವ ಲೆಕ್ಕದ್ದೂ ಅಲ್ಲ. ವೇದಿಕೆ ಏರಿದೊಡನೆ ತಂತಿಗೂ ಮೈಕಿಗೂ ನಡುವೆ ಮೀಟರು ಹಿಡಿದು ನೋಡುವ ಅಭ್ಯಾಸವನ್ನೂ ಮಾಡಿಕೊಳ್ಳಲಿ. ಮೊದಮೊದಲು ಗೆಳೆಯರು ನಗುತ್ತಾರೆ. ಒಮ್ಮೆ ಮುಳ್ಳು ನೂರರ ಗಡಿ ದಾಟಿದುದನ್ನು ಕಂಡ ಮೇಲೆ ಅವರೇ “ಮೊದಲು ನೋಡಪಾ” ಎಂದು ಕರೆಯುತ್ತಾರೆ.

ಕಿವಿಯೂ ಕಾಯಬೇಕಾದ ಆಸ್ತಿ. 85 ಡೆಸಿಬಲ್ಲಿನ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಇರಬಹುದಾದರೆ, ಪ್ರತಿ 3 ಡೆಸಿಬಲ್ ಏರಿದಂತೆ ಅವಧಿಯು ಅರ್ಧಕ್ಕೆ ಇಳಿಯುತ್ತದೆ. 100ರಲ್ಲಿ ಹದಿನೈದೇ ನಿಮಿಷ. ಡೋಲು, ತಾಳವಾದ್ಯ, ಸ್ಪೀಕರುಗಳ ನಡುವೆ ನಿಲ್ಲುವ ಬೇಸಿನವನು ಈ ಮಿತಿಯನ್ನು ಮೊದಲ ಹಾಡಿನಲ್ಲಿಯೇ ದಾಟಿರುತ್ತಾನೆ. ಸಂಗೀತಗಾರರಿಗೆಂದೇ ತಯಾರಿಸಿದ ಕಿವಿಬೆಣೆಗಳು ದೊರೆಯುತ್ತವೆ. ಇನ್ನು ಧ್ವನಿವರ್ಧಕಗಳಿಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತಡೆಯಿರುವುದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಿಂದ; ಹಬ್ಬ ಉತ್ಸವಗಳಿಗೆ ವರ್ಷಕ್ಕೆ ಹದಿನೈದು ದಿನಗಳ ಮಿತಿಯಲ್ಲಿ ನಡುರಾತ್ರಿಯವರೆಗೆ ಸರಕಾರವು ರಿಯಾಯಿತಿ ಕೊಡಬಹುದು. ಮಂದ್ರದ ಅಲೆ ಉದ್ದವಾದದ್ದು, ಅತ್ಯಂತ ಕೆಳಗಿನ ತಂತಿಯದು ಎಂಟು ಮೀಟರಿಗೂ ಹೆಚ್ಚು. ಅದು ಗೋಡೆಗಳಿಗೆ ಸುಲಭವಾಗಿ ಮಣಿಯುವುದಿಲ್ಲ. ನೆರೆಮನೆಯವರ ಮೊದಲ ದೂರು ಬರುವುದು ಹಾಡುವವನ ಮೇಲಲ್ಲ, ಬೇಸಿನವನ ಮೇಲೆ. ಮಂಟಪದೊಳಗೆ ಪೆಟ್ಟಿಗೆಯನ್ನು ಮೂಲೆಯಿಂದ ಎಳೆದು ನಡುವಿಗೆ ತಂದರೆ ಅರ್ಧ ಗೊಂದಲ ಅಡಗುತ್ತದೆ.

ಇನ್ನು ಯಾವುದನ್ನು ಮೊದಲು ಕೊಳ್ಳಬೇಕು? ಪೇಟೆಯ ಕಾರ್ಯಕ್ರಮಗಳೇ ಹೆಚ್ಚಿರುವ ಹುಡುಗನಾದರೆ ಕತ್ತು ನೆಟ್ಟಗಿರುವ, ಪ್ರಿಸಿಷನ್ ಮಾದರಿಯ ಮಧ್ಯಮ ಬೆಲೆಯ ಗಿಟಾರು, ಒಳ್ಳೆಯ ಡಿ.ಐ. ಪೆಟ್ಟಿಗೆ, ಎರಡು ಗಟ್ಟಿ ಕೇಬಲ್ಲು, ಮನೆಯಲ್ಲಿ ಸಾಧನೆಗೆ ಚಿಕ್ಕದೊಂದು ಬೇಸ್ ಆಂಪ್ಲಿಫಯರು. ದೊಡ್ಡ ಪೆಟ್ಟಿಗೆಯನ್ನು ಒಂದು ಮದುವೆ ಹಂಗಾಮಿನ ಸಂಪಾದನೆಯಿಂದಲೇ ಅವನು ತರಲಿ. ಆಗ ಅದರ ತೂಕವೂ ಬೆಲೆಯೂ ಅವನಿಗೆ ತಾನಾಗಿ ತಿಳಿದಿರುತ್ತದೆ. ಹಳ್ಳಿಯ ಮೇಳಗಳನ್ನೇ ನಂಬಿದವನು ಗಿಟಾರಿನಲ್ಲಿ ಉಳಿಸಿ ಪೆಟ್ಟಿಗೆಗೆ ಹಾಕಬೇಕು. ಹಳೆಯ ಸಾಮಾನು ಹೈದರಾಬಾದಿನಲ್ಲಿ, ಸೊಲ್ಲಾಪುರದಲ್ಲಿ ಸಿಗುತ್ತದೆ. ಗಿಟಾರು ಹಳೆಯದಾದರೂ ಅಡ್ಡಿಯಿಲ್ಲ, ಹಳೆಯ ಸ್ಪೀಕರನ್ನು ಮಾತ್ರ ಪೂರ್ಣ ಸದ್ದಿನಲ್ಲಿ ಹತ್ತು ನಿಮಿಷ ನುಡಿಸಿ ನೋಡದೆ ತರಬಾರದು. ಕೊಳ್ಳಲು ಹೋಗುವ ದಿನ ಮೇಳದ ಕೀಬೋರ್ಡಿನವನನ್ನು ಜೊತೆಗೆ ಕರೆದೊಯ್ಯುವುದು ಉತ್ತಮ. ಹುಡುಗನು ನುಡಿಸಲಿ, ಅವನು ಅಂಗಡಿಯ ಹೊರಗೆ ರಸ್ತೆಯಂಚಿನಲ್ಲಿ ನಿಂತು ಕೇಳಲಿ.